ಆರನೆಯ ಕಿಂಡಿ

ನಾನು ನಿಂತಿದ್ದದ್ದು ಕಾರಿನ ಎಡಗಡೆಯ ಮುಂದಿನ ಚಕ್ರದಿಂದ ಎರಡು ಹೆಜ್ಜೆ ಆಚೆ, ಡಾಂಬರು ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ. ಎಡಗಾಲು ಮಣ್ಣಿನ ಮೇಲಿತ್ತು, ಬಲಗಾಲು ಡಾಂಬರಿನ ಮೇಲಿತ್ತು. ಹೊತ್ತು ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷ ಕಡಿಮೆ. ನಾಲ್ಕು ವರ್ಷದ ಹಿಂದಿನ ವೈಶಾಖದ ಒಂದು ಗುರುವಾರ. ರಾಯದುರ್ಗದಿಂದ ಹೊರಟು ಕಲ್ಯಾಣದುರ್ಗ ದಾಟಿ ಮಡಕಶಿರದ ಕಡೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಏರು ಬರುತ್ತದೆ. ಆ ಏರು ಮುಗಿಯಲು ಇನ್ನೂ ಒಂದು ಫರ್ಲಾಂಗು ಇತ್ತು. ಮಡಕಶಿರಕ್ಕೆ ನಲವತ್ತೈದು ಕಿಲೋಮೀಟರ್ ಎಂದು ಕಲ್ಲಿನ ಮೇಲೆ ಬರೆದಿತ್ತು. ಆ ಕಲ್ಲು ನನ್ನ ಬೆನ್ನ ಹಿಂದೆ ಇತ್ತು.

ಇಷ್ಟನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಆ ದಿನ ನಡೆದದ್ದನ್ನು ಆಮೇಲೆ ಹೇಳಿದವರು ಬಹಳ ಮಂದಿ, ಅವರಲ್ಲಿ ಹೆಚ್ಚಿನವರು ಅಲ್ಲಿ ಇರಲಿಲ್ಲ. ನಾನು ಇದ್ದೆ. ಇದ್ದವನು ಎರಡು ತಿಂಗಳು ಬಾಯಿ ಬಿಡಲಿಲ್ಲ.

ರಾಯದುರ್ಗದ ಕೋಟೆಬೆಟ್ಟದ ಕೆಳಗೆ, ಬಸ್ ಸ್ಟ್ಯಾಂಡಿನಿಂದ ಬರುವ ರಸ್ತೆಯಲ್ಲಿ, ನನ್ನದೊಂದು ಸಣ್ಣ ಅಂಗಡಿ. ಕಾರಿಗೆ ಸೀಟ್ ಕವರ್ ಹಾಕುತ್ತೇನೆ, ಸ್ಟಿಕ್ಕರ್ ಅಂಟಿಸುತ್ತೇನೆ, ಬಾಗಿಲಂಚಿಗೆ ಬೆಳ್ಳಿ ಬಣ್ಣದ ಪಟ್ಟಿ ಕೂರಿಸುತ್ತೇನೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಜೀನ್ಸ್ ಹೊಲಿಯುವ ಕಡೆ ಕೆಲಸ ಮಾಡಿದೆ. ಅಲ್ಲಿ ನನ್ನ ಕೈಗೆ ಬರುತ್ತಿದ್ದದ್ದು ಜೇಬಿನ ಕೆಲಸ. ಹೆಣ್ಣುಮಕ್ಕಳ ಪ್ಯಾಂಟಿಗೆ ಮುಂದೆ ಜೇಬಿನ ಬಾಯಿ ಮಾತ್ರ ಹೊಲಿಯಬೇಕಿತ್ತು, ಒಳಗೆ ಚೀಲ ಇಲ್ಲ. ದಪ್ಪ ಹಳದಿ ದಾರದಲ್ಲಿ ಎರಡು ಸಾಲು ಹೊಲಿಗೆ, ಮೂಲೆಗೊಂದು ತಾಮ್ರದ ಗುಂಡಿ. ನೋಡಿದವರು ಜೇಬು ಎನ್ನಬೇಕು, ಬೆರಳು ಹಾಕಿದರೆ ಹೋಗಬಾರದು. ಅಂಥ ಬಾಯಿಗಳನ್ನು ದಿನಕ್ಕೆ ಎಷ್ಟು ಹೊಲಿದೆನೋ. ಕಣ್ಣು ಮುಚ್ಚಿದರೆ ನೀಲಿ ಬಟ್ಟೆಯ ಮೇಲೆ ಮುಚ್ಚಿದ ಬಾಯಿಗಳು ಸಾಲಾಗಿ ತೇಲಿಹೋಗುತ್ತಿದ್ದವು, ಕಣೇಕಲ್ಲು ಕೆರೆಯ ನೀರಿನ ಮೇಲೆ ಎಲೆಗಳು ಹೋದ ಹಾಗೆ.

ಕಾರಿನ ಕೆಲಸಕ್ಕೆ ಬಂದ ಮೇಲೂ ಅದೇ ಕೈಗೆ ಸಿಕ್ಕಿತು. ಈಗಿನ ಕಾರುಗಳ ಮೈತುಂಬ ಕಿಂಡಿ. ಮುಂದೆ ಜೇನುಗೂಡಿನಂಥ ಕರಿ ಜಾಲರಿ, ದೀಪಗಳ ಪಕ್ಕ ಜಾಲರಿ, ಮುಂದಿನ ಚಕ್ರ ದಾಟಿದ ಕೂಡಲೆ ಮೀನಿನ ಕಿವಿರಿನಂಥ ಮೂರು ಗೆರೆ. ಹಿಂದೆ ಎರಡು ಹೊಗೆಕೊಳವೆಯ ಬಾಯಿ, ನಿಜವಾದ ಕೊಳವೆ ಕೆಳಗೆಲ್ಲೋ ಒಂದು ಮೂಲೆಯಲ್ಲಿ ಬಗ್ಗಿಕೊಂಡಿರುತ್ತದೆ. ಬೆರಳಿಟ್ಟು ನೋಡಿದರೆ ಹೆಚ್ಚಿನವು ಮುಚ್ಚಿವೆ. ಒಳಗೆ ಕರಿ ಪ್ಲಾಸ್ಟಿಕ್ ಗೋಡೆ. ಸಾಲದ್ದಕ್ಕೆ ನಾನೂ ಅಂಟಿಸುತ್ತಿದ್ದೆ. ಬಾನೆಟ್ಟಿನ ಮೇಲೆ ಗಾಳಿ ನುಂಗುವ ಬಾಯಿಯಂತೆ ಕಾಣುವ ಸ್ಕೂಪ್ ಎಂಬ ಒಂದು ಡಬ್ಬಿ ಬರುತ್ತದೆ. ಅದರ ಕೆಳಗೆ ತೂತು ಇರುವುದಿಲ್ಲ, ಬರೀ ಎರಡು ಕಡೆ ಅಂಟುವ ಟೇಪು. ಗಿರಾಕಿಗಳು ಅದನ್ನು ಅಂಟಿಸಿಕೊಂಡು ಒಂದು ಸುತ್ತು ನಡೆದು ನೋಡಿ, "ಈಗ ಗಾಡಿಗೊಂದು ಮುಖ ಬಂತ್ರಿ" ಅನ್ನುವರು.

ನಾನು ಸಣ್ಣವನಿದ್ದಾಗ ಬೊಮ್ಮನಹಾಳಿನ ಕಡೆಯಿಂದ ಕಾಲುವೆ ಕೆಲಸದ ಸಾಹೇಬರ ಜೀಪು ಬರುತ್ತಿತ್ತು. ಅದರ ಮುಖಕ್ಕೆ ಉದ್ದುದ್ದ ಸೀಳುಗಳಿದ್ದವು. ನಿಂತ ಜೀಪಿನ ಸೀಳಿಗೆ ಅಂಗೈ ಒಡ್ಡಿದರೆ ದನದ ಮೂತಿಯ ಹತ್ತಿರ ಕೈ ಹಿಡಿದಂತೆ ಬಿಸಿ ತಾಗುತ್ತಿತ್ತು. ಆ ಜೀಪಿನಲ್ಲಿ ಚಂದಕ್ಕೆಂದು ಒಂದು ತೂತೂ ಇರಲಿಲ್ಲ. ಆ ಬಿಸಿ ಈಗಲೂ ನನ್ನ ಬಲ ಅಂಗೈಯಲ್ಲಿ ಇದೆ ಅನ್ನಿಸುತ್ತದೆ. ಇದ್ದರೂ ಬೇಕಾದ ಹೊತ್ತಿಗೆ ಒದಗಲಿಲ್ಲ.

ಆ ವೈಶಾಖದಲ್ಲಿ ನನ್ನ ಅಕ್ಕನ ಮಗಳ ಮದುವೆ. ಗಂಡು ಮಡಕಶಿರದವನು. ಹೆಣ್ಣನ್ನು ಕರೆತರಲು ಅವರ ಕಡೆಯಿಂದ ಒಂದು ಕಪ್ಪು ಕಾರು ಬಂದಿತ್ತು. ಕಾರು ಗಂಡಿನ ದೊಡ್ಡಪ್ಪನದು, ಅವರು ಮಡಕಶಿರದಲ್ಲಿ ಮೂರು ಬಾಡಿಗೆ ಕಾರು ಇಟ್ಟುಕೊಂಡಿದ್ದರು. ಓಡಿಸಿಕೊಂಡು ಬಂದವನು ಅವರ ಹತ್ತಿರ ಒಂಬತ್ತು ವರ್ಷದಿಂದ ಇದ್ದ ಡ್ರೈವರ್, ನಲವತ್ತರ ಆಸುಪಾಸಿನ ಮನುಷ್ಯ. ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು. ಹಿಂದಿನ ಸಂಜೆ ಬಂದವನು ಮಲಗುವ ಮೊದಲು ಕಾರಿನ ನೀರು, ಎಣ್ಣೆ ಎರಡನ್ನೂ ನೋಡಿದ. ಇದನ್ನು ನಾನು ಕಣ್ಣಾರೆ ಕಂಡೆ. ನೀರಿನ ಡಬ್ಬಿಯ ಮೇಲೆ ಎರಡು ಗೆರೆ ಇರುತ್ತವೆ. ನೀರು ಮೇಲಿನ ಗೆರೆಗೆ ಒಂದು ಕಾಳಿನಷ್ಟು ಕೆಳಗಿತ್ತು.

ನಾನು ಹುಡುಗಿಗೆ ಸೋದರಮಾವ. ಮಂಟಪಕ್ಕೆ ಅವಳನ್ನು ಕರೆತರುವವನು ನಾನೇ, ಹಾಗಾಗಿ ಅವಳ ಕಾರಿನಲ್ಲಿ ಕೂರುವವನೂ ನಾನೇ. ಆ ಕಾರನ್ನು ಸಿಂಗರಿಸುವುದು ಇನ್ನೊಬ್ಬರ ಪಾಲಿಗೆ ಹೋಗುವುದುಂಟೇ? ಬೆಳಗ್ಗೆ ಆರಕ್ಕೆ ಶುರು ಮಾಡಿದೆ. ನಮ್ಮ ಕಡೆ ಹೆಣ್ಣಿನ ಕಾರಿನ ಹೂವನ್ನು ಅವಳು ಗಂಡಿನ ಮನೆಯ ಮುಂದೆ ಇಳಿದು ನೆಲಕ್ಕೆ ಕಾಲಿಡುವವರೆಗೂ ಕೀಳಬಾರದು. ದಾರಿಯಲ್ಲಿ ಒಂದು ಹೂ ಉದುರಿದರೂ ಮುದುಕಿಯರು ಮುಖ ಸಣ್ಣಗೆ ಮಾಡುತ್ತಾರೆ. ಆದ್ದರಿಂದ ಉದುರದ ಹಾಗೆ ಕಟ್ಟುವುದೇ ನನ್ನ ಕಸಬಿನ ಹೆಚ್ಚುಗಾರಿಕೆ. ಹೂ ಚುಚ್ಚುವ ಹಸಿರು ಸ್ಪಂಜನ್ನು ನೆನೆಸಿ, ನೀರು ಸೋರದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಕಿಂಡಿಯೊಳಕ್ಕೆ ಒತ್ತಿ ಕೂರಿಸಿ, ಅದಕ್ಕೆ ಚೆಂಡುಹೂ, ಸೇವಂತಿಗೆ ಚುಚ್ಚುತ್ತಿದ್ದೆ. ಕಾರಿನ ಕಿಂಡಿಗಳು ಹೂದಾನಿಗೆಂದೇ ಮಾಡಿದಂತೆ ಇರುತ್ತವೆ.

ಆ ಕಾರಿಗೆ ಆರು ಕಿಂಡಿ. ಮೂತಿಯ ಮೇಲೆ ಅಗಲವಾದ ಜಾಲರಿ ಒಂದು. ದೀಪಗಳ ಕೆಳಗೆ ಎರಡು. ಚಕ್ರಗಳ ಹಿಂದೆ ಎಡಕ್ಕೊಂದು ಬಲಕ್ಕೊಂದು. ಕೆಳಗೆ, ಬಂಪರಿನ ನಡುವೆ, ತುಟಿಯಂತೆ ಉದ್ದವಾದದ್ದು ಇನ್ನೊಂದು. ಮೊದಲನೆಯದಕ್ಕೆ ಬೆರಳಿಟ್ಟೆ. ಮುಚ್ಚಿತ್ತು. ಎರಡನೆಯದು ಮುಚ್ಚಿತ್ತು. ಮೂರು, ನಾಲ್ಕು, ಐದು, ಎಲ್ಲ ಮುಚ್ಚಿದ್ದವು. ಆರನೆಯದಕ್ಕೆ ನಾನು ಬೆರಳಿಡಲಿಲ್ಲ. ಐದು ಸುಳ್ಳು ನೋಡಿದ ಮೇಲೆ ಆರನೆಯದೂ ಸುಳ್ಳೇ ಎಂದುಕೊಂಡೆ. ಕಸಬು ಗೊತ್ತಿಲ್ಲದವನಾಗಿದ್ದರೆ ಬಗ್ಗಿ ನೋಡುತ್ತಿದ್ದನೇನೋ.

ಡ್ರೈವರ್ ಹಲ್ಲುಜ್ಜುತ್ತ ಬಂದು ನಿಂತ.

"ಏನಣ್ಣ, ಮೂತಿನೆಲ್ಲ ಮುಚ್ಬಿಟ್ರಲ್ಲ. ಗಾಳಿ ಎಲ್ಲಿಂದ ಹೋಗ್ತದೆ?"

"ಇವೆಲ್ಲ ಬರೀ ಶೋ ಅದಾವ್ರಿ. ಬೆರಳು ಇಟ್ಟು ನೋಡ್ರಿ, ಒಂದೂ ತೂತಿಲ್ಲ."

ಅವನು ಹತ್ತಿರದ ಜಾಲರಿಗೆ, ಮೇಲಿನದಕ್ಕೆ, ಬೆರಳಿಟ್ಟ. ಮುಚ್ಚಿತ್ತು. "ಅರೆ, ಹೌದಲ್ಲ. ಒಂಬತ್ತು ವರ್ಷದಿಂದ ಗಾಡಿ ಓಡಿಸ್ತೀನಿ, ಮೂತಿ ಮುಟ್ಟಿ ನೋಡಿರ್ಲಿಲ್ಲ" ಎಂದು ನಕ್ಕ. ನಾನು ಬಾನೆಟ್ಟಿನ ಮೇಲೆ ಸ್ಕೂಪ್ ಅಂಟಿಸುವುದನ್ನು ಕಂಡು, "ಇದ್ಯಾತಕ್ಕಣ್ಣ?" ಎಂದ.

"ನಮ್ಮ ಹುಡುಗಿಗೆ ನನ್ನ ಕಾಣಿಕೆ. ಚಂದಕ್ಕ."

"ನಮ್ಮ ಸಾಹುಕಾರ್ರು ಬಯ್ದ್ರೆ ನಿಮ್ಮೆಸ್ರು ಹೇಳ್ತೀನಿ ನೋಡಿ."

"ಹೇಳ್ರಿ, ಹೇಳ್ರಿ. ಹುಡುಗಿ ಸೋದರಮಾವ ಅಂದ್ರ ಬಾಯಿ ಮುಚ್ಚತಾರ."

ನಮ್ಮವ್ವ ಜಗಲಿಯ ಮೇಲೆ ಕೂತು ಹೂ ಬಿಡಿಸಿ ಕೊಡುತ್ತಿದ್ದಳು. ಅವಳಿಗೆ ಆಗ ಎಪ್ಪತ್ತೆಂಟು. ನಮ್ಮ ಹಳೆಯ ಮನೆಯ ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು. ಮಳೆ ಬಂದಾಗ ಅದರ ಮೇಲೆ ಬಂಡೆ ಮುಚ್ಚಿದರೆ ಒಲೆಯ ಹೊಗೆಯೆಲ್ಲ ಮನೆಯೊಳಗೆ ಸುತ್ತಿ ನಾವು ಕೆಮ್ಮುತ್ತ ಅಂಗಳಕ್ಕೆ ಓಡುತ್ತಿದ್ದೆವು. ಅವ್ವ ಹೂವಿನಿಂದ ತಲೆ ಎತ್ತದೆ ಕೇಳಿದಳು:

"ಎಲ್ಲ ಮುಚ್ಚಿದ್ರ ಅದು ಉಸಿರಾಡೋದು ಎಲ್ಲಿಂದಲೋ?"

"ಅವ್ವಾ, ಇದೇನು ಎಮ್ಮಿ ಅಲ್ಲ, ಕಾರು."

"ಬೆಂಕಿ ಇರೋದು ಯಾವ್ದಾದ್ರೂ ಉಸಿರಾಡ್ತೈತಿ" ಎಂದಳು. ಮನೆಯವರೆಲ್ಲ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಒಂಬತ್ತೂವರೆಗೆ ಹೊರಟೆವು. ಡ್ರೈವರ್, ಅವನ ಪಕ್ಕದಲ್ಲಿ ನಾನು, ಹಿಂದೆ ಅವ್ವ ಮತ್ತು ಹುಡುಗಿ. ನಾಲ್ಕೇ ಜನ. ಉಳಿದವರು ಬಸ್ಸಿನಲ್ಲಿ. ಮದುವೆ ಮರುದಿನ ಬೆಳಗ್ಗೆ, ಆದರೆ ಗುರುವಾರ ರಾಹುಕಾಲ ಒಂದೂವರೆಗೆ ಹಿಡಿಯುತ್ತದೆ. ಅದರೊಳಗೆ ಹೆಣ್ಣು ಗಂಡಿನ ಮನೆ ಸೇರಬೇಕೆಂದು ಎರಡೂ ಕಡೆಯವರ ಮಾತಾಗಿತ್ತು.

ಆ ದಾರಿಯ ಮೊದಲ ಎರಡು ಗಂಟೆಯನ್ನು ನಾನು ಎಷ್ಟೋ ಸಲ ಮತ್ತೆ ಪ್ರಯಾಣ ಮಾಡಿದ್ದೇನೆ, ಮಲಗಿದಲ್ಲೇ. ಗುಡ್ಡಗಳ ಮೇಲೆ ಬಿಳಿಯ ಗಾಳಿಯಂತ್ರಗಳು. ಒಂದು ಗುಡ್ಡ ಹಿಂದೆ ಸರಿದರೆ ಇನ್ನೊಂದರ ಮೇಲೆ ನಾಲ್ಕು, ಅದರಾಚೆ ಹತ್ತು. ಅವಸರವಿಲ್ಲದೆ ಮೂರು ಕೈ ಬೀಸುತ್ತ, ದೂರದಿಂದ ಯಾರನ್ನೋ ಕರೆಯುವವರ ಹಾಗೆ. ಬಿಸಿಲು ರಸ್ತೆಯ ಮೇಲೆ ನೀರಾಗಿ ನಿಂತಿತ್ತು. ನಾವು ಹತ್ತಿರ ಹೋದಷ್ಟೂ ಆ ನೀರು ಮುಂದಕ್ಕೆ ಸರಿಯುತ್ತಿತ್ತು. ಕಾರಿನೊಳಗೆ ಎಸಿಯ ತಂಪು, ಮಲ್ಲಿಗೆಯ ವಾಸನೆ, ಹೊಸ ರೇಷ್ಮೆಯ ಸರಸರ. ಹುಡುಗಿ ಅಜ್ಜಿಯ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ನಿದ್ದೆಯಲ್ಲಿ ಅವಳ ಬಳೆಗಳು ಆಗಾಗ ಒಂದಕ್ಕೊಂದು ತಾಗುತ್ತಿದ್ದವು. ನನ್ನ ಕಣ್ಣೆದುರು, ಬಾನೆಟ್ಟಿನ ಮೇಲೆ, ನಾನು ಅಂಟಿಸಿದ ಸ್ಕೂಪ್ ಬಾಯಿ ತೆರೆದುಕೊಂಡು ಗಾಳಿಯನ್ನೆಲ್ಲ ಕುಡಿಯುತ್ತಿರುವಂತೆ ಕಾಣುತ್ತಿತ್ತು. ಎಷ್ಟು ಚಂದ ಕೂತಿದೆ ಎಂದುಕೊಂಡೆ.

ಕಲ್ಯಾಣದುರ್ಗ ದಾಟಿ ಅರ್ಧ ಗಂಟೆಯಾದ ಮೇಲೆ ಡ್ರೈವರ್ ಕೈ ಚಾಚಿ ಎಸಿ ಆರಿಸಿದ.

"ಯಾಕ್ರಿ?"

"ಬಿಸಿ ಏರ್ತಾ ಐತೆ ಕಣಣ್ಣ. ನಿಲ್ಲಿಸಿ ಆ ಕೆಳಗಿನ ಹೂವ ಒಂದು ತೆಗೆದುಬಿಡ್ಲಾ?"

"ಹೂವ ತೆಗಿಯಂಗಿಲ್ರಿ. ಹೆಣ್ಣು ಇಳಿಯೋ ತನಕ ಮುಟ್ಟಂಗಿಲ್ಲ."

"ಒಂದೇ ಅಣ್ಣ, ಕೆಳಗಿಂದು."

"ಮುಂಜಾನೆ ನೀವೇ ಬೆರಳು ಇಟ್ಟು ನೋಡಿದ್ರಲ್ಲ. ಬರೀ ಶೋ ಅದು. ಬಿಸಿಲು ಐತಿ, ಏರು ಐತಿ, ಬಿಸಿ ಆಗತೈತಿ."

ಅವನು ಕನ್ನಡಿಯಲ್ಲಿ ಅವ್ವನ ಮುಖ ನೋಡಿದ. ಅವ್ವ ನನ್ನ ಬೆನ್ನು ನೋಡುತ್ತಿದ್ದಳಂತೆ, ಎಸಿ ಆರಿದ್ದಕ್ಕೆ ಎಚ್ಚರಾಗಿದ್ದ ಹುಡುಗಿ ಆಮೇಲೆ ಹೇಳಿದಳು. ಬೆಳಗಿನ ಪ್ರಶ್ನೆ ಅವ್ವನ ಬಾಯಲ್ಲಿ ಇತ್ತೋ ಏನೋ. ಆದರೆ ಹೂವಿನ ಶಾಸ್ತ್ರ ಅದಕ್ಕಿಂತ ಹಳೆಯದು. ಅವಳು ಸುಮ್ಮನಿದ್ದಳು.

ಏರು ಮುಗಿಯುವ ಮೊದಲೇ ಬಾನೆಟ್ಟಿನ ಅಂಚಿನಿಂದ ಬಿಳಿ ಹೊಗೆ ಎದ್ದಿತು. ನನಗೆ ಮೊದಲು ಅದು ಸ್ಕೂಪಿನ ಬಾಯಿಂದಲೇ ಬಂದಂತೆ ಕಂಡಿತು. ಕಾರು ನಿಂತಿತು. ಡ್ರೈವರೂ ನಾನೂ ಇಳಿದೆವು. ಅಲ್ಲೇ ಬೇವಿನ ಮರದ ಕೆಳಗೆ ಕುರಿಗಳ ಹಿಂಡು ತಲೆ ತಗ್ಗಿಸಿ ಗುಂಪುಗೂಡಿ ನಿಂತಿತ್ತು. ಕುರಿ ಕಾಯುವ ಮುದುಕ ಕೋಲಿಗೆ ಗದ್ದ ಊರಿ ನಮ್ಮನ್ನು ನೋಡುತ್ತಿದ್ದ. "ಏಮೈಂದಪ್ಪಾ?" ಎಂದು ತೆಲುಗಿನಲ್ಲಿ ಕೇಳಿ, ನಾವು ಕನ್ನಡದಲ್ಲಿ ಮಾತಾಡುವುದು ಕೇಳಿಸಿ, "ಮದ್ವಿ ಗಾಡಿನಾ? ಬಾಯಾರೈತೆ ಪಾಪ" ಎಂದ.

ಡ್ರೈವರ್ ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿದ. "ಅರ್ಧ ಗಂಟೆ ಮುಟ್ಟಬಾರ್ದು. ಆರ್ಲಿ" ಎಂದ. ಇದು ಅವನ ಮಾತು, ಹೀಗೆಯೇ ಹೇಳಿದ. ನಾನು ಗಡಿಯಾರ ನೋಡಿದೆ.

"ಅರ್ಧ ತಾಸು ಅಂದ್ರ ರಾಹುಕಾಲ ಹಿಡಿತೈತ್ರಿ. ಮುಚ್ಚಳ ತೆಗೆದು ನೀರು ಹಾಕಿಬಿಡ್ರಿ."

"ಈಗ ತೆಗೆದ್ರೆ ಉಕ್ತದೆ ಅಣ್ಣ."

"ಬಟ್ಟಿ ಹಾಕಿ ಸಾವಕಾಶ ತೆಗೀರಿ. ನಾನು ಕೊಡ್ತೀನಿ ತಡೀರಿ."

ನನ್ನ ಚೀಲದಲ್ಲಿ ಗಾಜು ಒರೆಸಲು ಇಟ್ಟುಕೊಂಡಿದ್ದ ಜೀನ್ಸ್ ಬಟ್ಟೆಯ ತುಂಡು ಇತ್ತು. ಅದನ್ನು ನೀರಲ್ಲಿ ಅದ್ದಿ ಅವನ ಕೈಗೆ ಕೊಟ್ಟೆ. ಅವನು ಒಂದು ಕ್ಷಣ ಅದನ್ನು ಹಿಡಿದುಕೊಂಡು ನನ್ನನ್ನೇ ನೋಡಿದ. ಹೆಣ್ಣಿನ ಸೋದರಮಾವ. ಅವನ ಸಾಹುಕಾರರ ಹೊಸ ಬೀಗ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೊದಲು ಹೇಳಿದ ಜಾಗಕ್ಕೆ ನಾನು ಬಂದು ನಿಂತದ್ದು ಹೀಗೆ.

ಮುಚ್ಚಳ ಕಾಲು ಸುತ್ತು ತಿರುಗಿತು. ಆಮೇಲೆ ಒಂದು ಸದ್ದು. ನೂರು ಒಗ್ಗರಣೆ ಒಟ್ಟಿಗೆ ಹಾಕಿದ ಹಾಗೆ. ಬಿಳಿಯದೊಂದು ಗೋಡೆ ಎದ್ದು ನಿಂತಿತು. ಅದರೊಳಗೆ ಡ್ರೈವರ್ ಕಾಣಲಿಲ್ಲ. ನನಗೆ ಗೊತ್ತು, ಅದು ನಾಲ್ಕೈದು ಎಣಿಸುವಷ್ಟು ಹೊತ್ತು. ಆದರೆ ಆ ಬಿಳುಪಿನಲ್ಲಿ ಎಲ್ಲವೂ ನಿಂತುಹೋಗಿತ್ತು. ಕುರಿಗಳು ಅಲುಗಲಿಲ್ಲ. ದೂರದ ಗುಡ್ಡದ ಮೇಲೆ ಮಾತ್ರ ಬಿಳಿ ಕೈಗಳು ಸುತ್ತುತ್ತಲೇ ಇದ್ದವು. ಬಿಸಿ ಹನಿಗಳು ನನ್ನ ಎಡಗಾಲಿನ ಮುಂದಿನ ಮಣ್ಣಿನ ಮೇಲೆ ಬಿದ್ದು ಸಣ್ಣ ಸಣ್ಣ ಗುಳಿ ಮಾಡಿದವು. ನನ್ನ ಮೇಲೆ ಒಂದೂ ಬೀಳಲಿಲ್ಲ.

ಅವನು ಹೊರಗೆ ಬಂದಾಗ ಬಲಗೈಯನ್ನು ಮೈಯಿಂದ ದೂರ ಹಿಡಿದಿದ್ದ, ಅದು ಬೇರೆಯವರದ್ದೇನೋ ಎಂಬಂತೆ. ಮೊಣಕೈವರೆಗೂ ಕೆಂಪಾಗಿತ್ತು. ಬಲ ಕೆನ್ನೆಯಲ್ಲೂ ಒಂದು ಪಟ್ಟೆ. ಮುದುಕ ಓಡಿಬಂದು ತನ್ನ ಕ್ಯಾನಿನ ನೀರನ್ನು ಕೈಯ ಮೇಲೆ ಸುರಿಯುತ್ತಲೇ ಇದ್ದ, ಕ್ಯಾನು ಖಾಲಿಯಾಗುವವರೆಗೆ. ಹುಡುಗಿ ಇಳಿದು ಬಂದು, ಉಟ್ಟ ರೇಷ್ಮೆಯ ಪರಿವೆ ಇಲ್ಲದೆ ರಸ್ತೆಯ ಮೇಲೆ ಕೂತು, ಕುಸಿದು ಒರಗಿದ ಅವನ ತಲೆಗೆ ತನ್ನ ಕೈ ಆಸರೆ ಕೊಟ್ಟಳು. ಗಂಡಿನ ಮನೆಯ ಮುಂದೆ ಮೊದಲ ಬಾರಿ ನೆಲ ಮುಟ್ಟಬೇಕಾದ ಕಾಲು ಅಲ್ಲೇ ಮುಟ್ಟಿತು. ಹೂವಿನ ಶಾಸ್ತ್ರವೂ ಅಲ್ಲಿಗೇ ಮುಗಿದಿತ್ತು.

ಆಗ ನಾನು ಕಾರಿನ ಮುಂದೆ ಬಗ್ಗಿದೆ. ಮೇಲಿನ ಜಾಲರಿಯ ಹೂಗಳು ಬೆಳಗ್ಗೆ ಚುಚ್ಚಿದಂತೆಯೇ ನಗುತ್ತಿದ್ದವು. ದೀಪಗಳ ಕೆಳಗಿನವೂ ತಾಜಾ. ಬಂಪರಿನ ನಡುವಿನವು ಬೆಂದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ಎಳೆದೆ. ಸ್ಪಂಜು ಮೊದಲು ಬರಲಿಲ್ಲ, ಜೋರಾಗಿ ಜಗ್ಗಿದ ಮೇಲೆ ಕಿತ್ತುಬಂತು. ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಮೆತ್ತಗಾಗಿ, ಒಳಕ್ಕೆ ಸೆಳೆದುಕೊಂಡು, ಹಿಂದಿನ ಜಾಲರಿಯ ಒಂದೊಂದು ಕಣ್ಣಿನ ಅಚ್ಚೂ ಅದರ ಮೇಲೆ ಮೂಡಿತ್ತು. ನೀರಲ್ಲಿ ಮುಳುಗುವವನು ಬಾಯಿಗೆ ಬಂದ ಬಟ್ಟೆಯನ್ನೂ ಎಳೆದುಕೊಂಡಂತೆ. ಕಾರು ದಾರಿಯುದ್ದಕ್ಕೂ ಉಸಿರಿಗಾಗಿ ಎಳೆದಿತ್ತು. ನಾನು ಮುಚ್ಚಿದ್ದೆ.

ತಲೆ ಎತ್ತಿದರೆ ಅವ್ವ ಪಕ್ಕದಲ್ಲಿ ನಿಂತಿದ್ದಳು. ಅವಳೂ ನೋಡಿದಳು, ಹುಡುಗಿಯೂ ಕೂತಲ್ಲಿಂದಲೇ ನೋಡಿದಳು. ನಾನು ಆ ಕಪ್ಪು ಹೂಗಳನ್ನು ಬೇಲಿಯಾಚೆ ಎಸೆದೆ.

ಹಾಲಿನ ವ್ಯಾನೊಂದು ಬಂತು, ಡ್ರೈವರನ್ನು ಅದರಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸಿದೆವು. ಹನ್ನೆರಡು ಇಪ್ಪತ್ತಕ್ಕೆ ನಮ್ಮ ಬಸ್ಸು ಬಂತು. ಅದರಲ್ಲಿ ಹುಡುಗಿಯನ್ನು ಹತ್ತಿಸಿಕೊಂಡು ಒಂದು ಇಪ್ಪತ್ತೈದಕ್ಕೆ ಮಡಕಶಿರ ಸೇರಿದೆವು. ಅವನು ಕೇಳಿದ್ದ ಅರ್ಧ ಗಂಟೆ ಸರಿಯಾಗಿ ಹನ್ನೆರಡು ಇಪ್ಪತ್ತಕ್ಕೆ ಮುಗಿಯುತ್ತಿತ್ತು. ಕಾದಿದ್ದರೂ ರಾಹುಕಾಲದೊಳಗೆ ಸೇರುತ್ತಿದ್ದೆವು. ಇದನ್ನು ನಾನು ಅವತ್ತು ರಾತ್ರಿಯೇ ಲೆಕ್ಕ ಹಾಕಿದೆ, ಆಮೇಲೂ ಹಾಕಿದೆ. ಯಾವಾಗ ಹಾಕಿದರೂ ಐದು ನಿಮಿಷ ಉಳಿಯುತ್ತದೆ.

ಮದುವೆ ಮನೆಯಲ್ಲಿ ಮಾತು ಆಗಲೇ ಸಿದ್ಧವಾಗಿತ್ತು. "ನೀರಿಲ್ದೆ ಗಾಡಿ ತಂದವ್ನೆ ದಡ್ಡ. ಬಿಸಿ ಮುಚ್ಚಳ ಬೇರೆ ಬಿಚ್ಚವ್ನೆ" ಎಂದು ಗಂಡಿನ ದೊಡ್ಡಪ್ಪ ಊಟದ ಪಂಕ್ತಿಯಲ್ಲೇ ಅಂದರು. ನನ್ನ ಎಲೆಯ ಮೇಲೆ ಹೋಳಿಗೆ ಇತ್ತು. ಹುಡುಗಿಯ ಮದುವೆ, ಈಗ ಬೇಡ ಎಂದುಕೊಂಡೆ. ಆಮೇಲೆ ಬೀಗರ ಊಟ, ಆಗಲೂ ಬೇಡ ಎಂದುಕೊಂಡೆ. ಊರಿಗೆ ಬಂದೆ. ಡ್ರೈವರನ್ನು ಕೆಲಸದಿಂದ ಬಿಡಿಸಿದರೆಂಬ ಸುದ್ದಿ ಬಂತು. ಮಡಕಶಿರದಂಥ ಊರಲ್ಲಿ ನೀರು ನೋಡದ ಡ್ರೈವರ್ ಎಂದು ಒಂದು ಸಲ ಹೆಸರು ಬಿದ್ದರೆ ಇನ್ನೊಬ್ಬರು ಬೀಗದಕೈ ಕೊಡುವುದಿಲ್ಲ.

ಆ ಎರಡು ತಿಂಗಳು ನಾನು ಅಂಗಡಿಯಲ್ಲಿ ವಿಚಿತ್ರವಾದ ಕೆಲಸ ಮಾಡುತ್ತಿದ್ದೆ. ಕಾರು ಬಂದರೆ ಇಂಜಿನ್ ಚಾಲೂ ಇಡಿಸಿ, ಗಾಳಿ ಎಳೆಯುವ ಒಳಗಿನ ಫ್ಯಾನು ತಿರುಗಲೆಂದು ಎಸಿ ಹಾಕಿಸಿ, ಒಂದು ಊದುಬತ್ತಿ ಹಚ್ಚಿಕೊಂಡು ಕಿಂಡಿಯಿಂದ ಕಿಂಡಿಗೆ ಹಿಡಿಯುತ್ತಿದ್ದೆ. ಸುಳ್ಳು ಕಿಂಡಿಯ ಮುಂದೆ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಏನನ್ನೋ ಮರೆತಂತೆ. ನಿಜವಾದದ್ದರ ಮುಂದೆ ಹೊಗೆಯ ಎಳೆ ಬಾಗಿ, ಒಮ್ಮೆ ನಡುಗಿ, ಒಳಗೆ ಹೋಗಿಬಿಡುತ್ತದೆ. ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಎಷ್ಟೋ ಕಾರುಗಳ ಉಸಿರು ನೋಡಿದೆ. ಗಿರಾಕಿಗಳು ಪೂಜೆ ಎಂದುಕೊಂಡು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು.

ಆಷಾಢಕ್ಕೆ ಹುಡುಗಿ ತವರಿಗೆ ಬಂದಳು. ಬಂದ ಮೂರನೆಯ ದಿನ ಅಂಗಡಿಗೆ ಬಂದು, ನಾನು ಊದುಬತ್ತಿ ಹಿಡಿದು ಬಗ್ಗಿರುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಮಾವ, ಆ ಡ್ರೈವರ್ ಅಣ್ಣ ಈಗ ಮಡಕಶಿರದ ಬಸ್ ಸ್ಟ್ಯಾಂಡಿನಾಗ ಬೇಯಿಸಿದ ಕಡ್ಲಿಕಾಯಿ ಮಾರ್ತಾನ. ಎಡಗೈಲಿ ಅಳೆದು ಕೊಡ್ತಾನ."

ನಾನು ಊದುಬತ್ತಿಯನ್ನು ಪಕ್ಕದ ಕಿಂಡಿಗೆ ಸರಿಸಿದೆ.

"ನನ್ನ ನೋಡಿ ಹೆಂಗದೀಯವ್ವ ಅಂದ. ಅಷ್ಟ ಅಂದ, ಮತ್ತೇನೂ ಅನ್ನಲಿಲ್ಲ. ನೀ ಹೇಳ್ತೀಯೋ, ನಾನ ಹೇಳ್ಲೋ? ನಾನು ಹೇಳಿದ್ರ ತವರಿನ ತಪ್ಪು ಅತ್ತಿಮನ್ಯಾಗ ಹೇಳಿದ ಸೊಸಿ ಅಂತಾರ. ಅನ್ನಲಿ."

ಒಳಗೆ ಕೂತಿದ್ದ ಅವ್ವ ಆಗ ಮೊದಲ ಸಲ ಆ ಮಾತೆತ್ತಿದಳು. "ಅವತ್ತು ನಾನೂ ಬಾಯಿ ಮುಚ್ಚಿದೆ. ಹೋಗೋ, ಮೊದಲ ಬಸ್ಸಿಗೆ ಹೋಗು."

ಮರುದಿನ ಮೊದಲ ಬಸ್ಸಿಗೆ ಹೋದೆ. ಮಡಕಶಿರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಹುಣಸೆಮರದ ನೆರಳಲ್ಲಿ, ಅದೇ ಕಪ್ಪು ಕಾರು ನಿಂತಿತ್ತು. ಸ್ಕೂಪ್ ಹಾಗೆಯೇ ಇತ್ತು. ಗಂಡಿನ ದೊಡ್ಡಪ್ಪ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಹೇಳಿದಾಗ ಗಂಟೆ ಹನ್ನೊಂದೂಕಾಲು. ಎಲ್ಲವನ್ನೂ, ಮೇಲಿನ ಗೆರೆಗೆ ಒಂದು ಕಾಳಿನಷ್ಟು ಕೆಳಗಿದ್ದ ನೀರಿನಿಂದ ಹಿಡಿದು ಜೀನ್ಸ್ ಬಟ್ಟೆಯ ತುಂಡಿನವರೆಗೆ, ಹೇಳಿದೆ.

ಅವರು ಲೋಟ ಇಟ್ಟರು. "ಹೂವಿನಿಂದ ಗಾಡಿ ಕೆಡ್ತದಾ? ಬೀಗ್ರು ಅಂತ ಅವನ ಪರ ಮಾತಾಡೋಕೆ ಬಂದಿದ್ದೀರಾ? ಬಿಡಿ, ಆಗೋಗಿದ್ದು ಆಗೋಯ್ತು."

"ಗಾಡಿ ಚಾಲೂ ಮಾಡಿಸ್ರಿ. ಎಸಿ ಹಾಕಿಸ್ರಿ" ಎಂದೆ. ಜೇಬಿನಿಂದ ಊದುಬತ್ತಿ ತೆಗೆದೆ.

ಸ್ಟ್ಯಾಂಡಿನ ಡ್ರೈವರುಗಳು ಸುತ್ತ ನೆರೆದರು. "ಏನಣ್ಣ, ತೆಂಗಿನಕಾಯಿ ತರ್ಲಾ?" ಎಂದ ಒಬ್ಬ. "ಮಂತ್ರ ಯಾವ ಭಾಷೇಲಿ, ಕನ್ನಡದಲ್ಲೋ ತೆಲುಗಲ್ಲೋ?" ಎಂದ ಇನ್ನೊಬ್ಬ. "ಕಾರಿಗೂ ಸೋದರಮಾವ ಬೇಕಾಯ್ತಪ್ಪ" ಎಂದು ಮೂರನೆಯವನು. ನಾನು ಮೊಣಕಾಲೂರಿ ಕೂತೆ. ಮೇಲಿನ ಜಾಲರಿ, ಹೊಗೆ ನೆಟ್ಟಗೆ ಹೋಯಿತು. ದೀಪಗಳ ಕೆಳಗಿನ ಎರಡೂ, ನೆಟ್ಟಗೆ. ಚಕ್ರಗಳ ಹಿಂದಿನವೂ ಹಾಗೇ. ನಗು ಇನ್ನೂ ಇತ್ತು. ಬಂಪರಿನ ನಡುವೆ ಹಿಡಿದೆ. ಹೊಗೆ ಬಾಗಿತು, ನಡುಗಿತು, ಪೂರ್ತಿ ಒಳಗೆ ಹೋಯಿತು. ಹೊರಗೆ ಒಂದು ಎಳೆಯೂ ಉಳಿಯಲಿಲ್ಲ. ಅದನ್ನು ಅಲ್ಲೇ ಹಿಡಿದುಕೊಂಡೆ. ಬೂದಿ ನನ್ನ ಹೆಬ್ಬೆರಳಿನ ಮೇಲೆ ಬಿತ್ತು.

ಯಾರೂ ನಗುತ್ತಿರಲಿಲ್ಲ. ದೊಡ್ಡಪ್ಪ ಎದ್ದು ಬಂದು ಬಗ್ಗಿ, ತಾವೇ ಆ ಕಿಂಡಿಯೊಳಕ್ಕೆ ಬೆರಳು ಹಾಕಿ ನೋಡಿದರು. ಬೆರಳು ಹೋಯಿತು. "ಕರ್ಕೊಂಡ್ ಬರ್ರೋ ಅವನ್ನ" ಎಂದರು.

ಅವನು ತಲೆಯ ಮೇಲೆ ಕಡಲೆಕಾಯಿ ಬುಟ್ಟಿ ಹೊತ್ತುಕೊಂಡೇ ಬಂದ. ಬಲಗೈ ಚರ್ಮ ಬಿಗಿದು ಹೊಳೆಯುತ್ತಿತ್ತು. ಬೆರಳುಗಳು ಮುಕ್ಕಾಲು ಪಾಲು ಮಡಿಯುತ್ತಿದ್ದವು. ದೊಡ್ಡಪ್ಪ ಬೀಗದಕೈ ಚಾಚಿದರು, "ಓಡಿಸೋಕಾಗ್ತದೇನೋ?" ಎಂದರು. ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿದ.

"ನಾನು ಅವತ್ತು ಎರಡು ಸಲ ಹೇಳ್ದೆ."

"ಮೂರು ಸಲ" ಎಂದೆ. "ಮುಂಜಾನೆ ಒಂದು ಸಲ ಕೇಳಿದ್ರಿ."

ಅವನು ಯೋಚಿಸಿ ತಲೆಯಾಡಿಸಿದ. "ಹೌದು, ಮೂರು." ಆಮೇಲೆ ಬಾನೆಟ್ಟಿನ ಕಡೆ ಗದ್ದ ಎತ್ತಿ, "ಮೊದ್ಲು ಆ ನಿನ್ನ ಡಬ್ಬಿ ಕಿತ್ಕೊಂಡ್ ಹೋಗಣ್ಣ. ಅದನ್ನ ಎದುರಿಗಿಟ್ಕೊಂಡು ನಾನು ಓಡಿಸಲ್ಲ" ಎಂದ.

ದಾರದಿಂದ ಟೇಪು ಕೊಯ್ದು ಸ್ಕೂಪ್ ಕಿತ್ತೆ. ಅದರ ಕೆಳಗಿನ ಬಣ್ಣ ಬಿಸಿಲು ಕಾಣದೆ ಹೊಚ್ಚ ಹೊಸದಾಗಿ ಉಳಿದಿತ್ತು. ಈಗಲೂ ಆ ಕಾರಿನ ಬಾನೆಟ್ಟಿನ ಮೇಲೆ ಆ ಗುರುತು ಇದೆ. ಅವನು ಆ ಕಾರನ್ನು ಓಡಿಸುತ್ತಾನೆ. ಬಲಗೈಯನ್ನು ಸ್ಟೇರಿಂಗಿನ ಮೇಲೆ ಸುಮ್ಮನೆ ಇಟ್ಟು, ತಿರುಗಿಸುವುದನ್ನು ಎಡಗೈಯಲ್ಲಿ ಮಾಡುತ್ತಾನೆ. ನನ್ನನ್ನು ಕ್ಷಮಿಸಿದ್ದೇನೆಂದು ಅವನು ಹೇಳಿಲ್ಲ, ನಾನೂ ಕೇಳಿಲ್ಲ. ಆ ದಿನ ಹೊರಡುವಾಗ ಒಂದು ಪೊಟ್ಟಣ ಕಡಲೆಕಾಯಿ ಕೊಟ್ಟ. ಕಾಸು ಕೊಟ್ಟರೆ ಎಣಿಸಿ ತೆಗೆದುಕೊಂಡ.

ಈಗ ಮಡಕಶಿರ ಬೇರೆ ಜಿಲ್ಲೆಗೆ ಸೇರಿದೆ. ರಸ್ತೆ ಅದೇ. ನಾನು ಹೂ ಕಟ್ಟುವುದನ್ನು ಬಿಟ್ಟಿಲ್ಲ, ಆದರೆ ಬಂಪರಿನ ನಡುವೆ ಒಂದು ಎಸಳನ್ನೂ ಇಡುವುದಿಲ್ಲ. ಯಾಕೆ ಅಲ್ಲಿ ಬೋಳು ಬಿಟ್ಟಿರಿ ಎಂದು ಕೇಳಿದವರಿಗೆ ಅವ್ವನ ಮಾತನ್ನೇ ಹೇಳುತ್ತೇನೆ.

ಅಲ್ಲಿ ಇದ್ದು ಕಂಡವರು ಐವರು. ಅವ್ವ ಕಳೆದ ಚಳಿಗಾಲ ತೀರಿಕೊಂಡಳು. ಕುರಿ ಕಾಯುವ ಮುದುಕನನ್ನು ಹೋದ ತಿಂಗಳು ಅದೇ ಏರಿನ ಮೇಲೆ, ಅದೇ ಬೇವಿನ ಮರದ ಕೆಳಗೆ ಕಂಡೆ. ಕಣ್ಣು ಮಂಜಾಗಿದೆ, ಆದರೆ ತಾನು ಸುರಿದದ್ದು ಒಂದು ಕ್ಯಾನು ನೀರು, ಕ್ಯಾನು ಹಳದಿ ಎಂದು ನಾನು ಕೇಳುವ ಮೊದಲೇ ಹೇಳಿದ. ನನ್ನ ಅಕ್ಕನ ಮಗಳು ಮಡಕಶಿರದಲ್ಲಿದ್ದಾಳೆ. ಡ್ರೈವರ್ ಇದ್ದಾನೆ. ನಾನಿದ್ದೇನೆ.